ಕೆಂಪು ಬಳಿದ ಬಾಗಿಲು

ಅಪ್ಪಾ,

ನೀನು ಹೋಗಿ ಮೂರು ವರ್ಷವಾಯಿತು, ಹಂದಿ ತೆರಿಗೆಯ ಜಗಳ ಮಾತ್ರ ಮುಗಿದಿಲ್ಲ. ಹಂದಿ ಕಡಿಯುವ ಕಂಪನಿಗಳ ಮೇಲೆ ಸರ್ಕಾರ ಹಾಕಿದ್ದ ಆ ತೆರಿಗೆಯೇ ತಪ್ಪೆಂದು ಕೋರ್ಟು ಹೇಳಿತು. ಈಗ ಮಾಂಸದ ಕಂಪನಿಯವರು "ಕಟ್ಟಿದವರು ನಾವು, ವಾಪಸ್ಸೂ ನಮಗೇ" ಎನ್ನುತ್ತಾರೆ. ನಮ್ಮ ಹಂದಿಯ ಬೆಲೆಯಲ್ಲಿ ಮುರಿದುಕೊಂಡು ಕಟ್ಟಿದ ಕಳ್ಳರು! ಅದಕ್ಕೇ ಅಯೋವಾದ ರೈತರೆಲ್ಲ ಸೇರಿ ಸಂಘ ಕಟ್ಟಿದ್ದೇವೆ.

ಇವತ್ತಿನ ಸಭೆಗೆ ಎಲ್ಲರೂ ತಮ್ಮ ಪಾಲಿನ ವಾಪಸ್ಸಿಗೆ ಪುರಾವೆಯೆಂದು ಹಂದಿ ಮಾರಿದ ತೂಕದ ಚೀಟಿ ತಂದಿದ್ದರು. ನೀನೋ, ಚೀಟಿಯನ್ನು ಒಲೆಗೆ ಹಾಕಿ, ತೂಕ ಬೆಲೆಯನ್ನೆಲ್ಲ ಕಣಜದ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದವನು. ನಿನ್ನ ಮಣ್ಣಿಗೆ ಬರುವ ನೆಂಟರ ಕಣ್ಣಿಗೆ ಆ ಗೀಚು ಬೀಳದಿರಲೆಂದು ಅಂದು ನಾನೇ ಬಳಿದಿದ್ದ ಕೆಂಪು ಬಣ್ಣವನ್ನು ಎರಡು ದಿನ ಕೆರೆದೆ. ಆಮೇಲೆ ಬಾಗಿಲನ್ನೇ ಕಳಚಿ ಒಯ್ದೆ.

"ಏನೋ ಆರ್ಲೊ, ಮನೇನೂ ಹೊತ್ಕೊಂಡ್ ಬರೋದಲ್ವಾ?" ಎಂದು ಪಕ್ಕದ ಹೊಲದ ಹಾಲ್ವರ್ ನಕ್ಕ.

ಸಂಘದ ಕಾರ್ಯದರ್ಶಿ ನಗಲಿಲ್ಲ. ಬಾಗಿಲ ಮೇಲೆ ಬೆರಳಾಡಿಸಿದರು.

"ನಾಲ್ಕೇ ಅಂಕಿ ಕಾಣ್ತಿವೆ. ಮಿಕ್ಕದ್ದೆಲ್ಲಾ ಬಣ್ಣದ ಜೊತೆ ಹೋಗಿದೆಯಲ್ಲಪ್ಪಾ. ಇದನ್ನ ಬಳಿದವನ್ಯಾರು?"

ಕಂಪನಿಯವರನ್ನು ಒಂದು ಗಂಟೆ ಕಳ್ಳರು, ಸುಳ್ಳರು ಎಂದು ಬೈದ ಅದೇ ಬಾಯಲ್ಲಿ, "ನಮ್ಮಪ್ಪ" ಅಂದುಬಿಟ್ಟೆ.