ಸಿಡುಕದ ದನಿಗೆ ಹೇಳಿದ ಒಡಪು

ಹಂದರ ಓಣಿ, ಬೆಟಗೇರಿ
ಫೆಬ್ರುವರಿ ಮೂವತ್ತೊಂದು, ೨೧೮೮

ನಮಗಿಂತ ಬಹಳ ಹಿಂದೆ ಬದುಕಿದ ನಿಮಗೆ ದಾನೇಶ್ವರಿಯ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಬೇಸಿಗೆ ಲೆಕ್ಕದಲ್ಲಾದರೂ ಚಿಕ್ಕದಾಗಲೆಂದು ನಮ್ಮ ಹಿರಿಯರು ಏಪ್ರಿಲ್, ಮೇ ತಿಂಗಳುಗಳಿಂದ ದಿನ ಕಿತ್ತು ಫೆಬ್ರುವರಿಗೆ ಸೇರಿಸಿದ್ದಾರೆ. ಬಿಸಿಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ಇದಕ್ಕಿಂತ ದೊಡ್ಡ ಕ್ಷಮೆಯನ್ನು ನಾನು ನನ್ನ ಅತ್ತೆಯಲ್ಲಿ ಕೇಳಬೇಕು. ಅವರು ಒಳಕೋಣೆಯಲ್ಲೇ ಇದ್ದಾರೆ. ಅಲ್ಲಿಗೆ ಹೋಗಲು ಮುಖವಿಲ್ಲದೆ ನಿಮಗೆ ಬರೆಯಲು ಕೂತಿದ್ದೇನೆ.

ನಮ್ಮ ಓಣಿಗೆ ಈ ತುದಿಯಿಂದ ಆ ತುದಿಯವರೆಗೆ ಹಂದರವಿದೆ, ಇಲ್ಲದಿದ್ದರೆ ಹಗಲು ಯಾರೂ ಹೊರಗೆ ಕಾಲಿಡಲಾರರು. ನೀರು ಬೇಕಾದರೆ ಹನಿ ಕೊಡಬೇಕು. ಹನಿ ಎಂದರೆ ಫೋನಿನಲ್ಲಷ್ಟೇ ಇರುವ ನಾಣ್ಯ. ನೀವು ಕ್ರಿಪ್ಟೊ ಎನ್ನುತ್ತಿದ್ದಿರಂತೆ. ಅದನ್ನಿಡುವ ಆ್ಯಪಿಗೆ ನೀವು ವಾಲೆಟ್ ಎಂದಿರಿ. ನಾವು ಹಿಂದಿನವರು ಸೊಂಟಕ್ಕೆ ಕಟ್ಟುತ್ತಿದ್ದ ದುಡ್ಡಿನ ಚೀಲದ ಹೆಸರನ್ನೇ ಇಟ್ಟು ಹಮ್ಮಿಣಿ ಎನ್ನುತ್ತೇವೆ. ಇಡೀ ಓಣಿಗೆ ಒಂದೇ ಹಮ್ಮಿಣಿ, ಅದು ಓಣಿಯ ಹಿರಿಯ ಹೆಂಗಸಿನ ಫೋನಿನಲ್ಲಿರುತ್ತದೆ. ಬೆಳಿಗ್ಗೆ ಅವರು ನೀರಿನ ಜಾಲತಾಣ ತೆರೆದು, ಹಮ್ಮಿಣಿಯನ್ನು ಅದಕ್ಕೆ ಜೋಡಿಸಿ, ಒಪ್ಪಿಗೆ ಒತ್ತಿದರೆ ನಳದಲ್ಲಿ ನೀರು ಬರುತ್ತದೆ. ಆ ಹಿರಿಯ ಹೆಂಗಸು ನನ್ನ ಅತ್ತೆ ಗುರುಸಿದ್ದವ್ವ. ಜೋಡಣೆ ಆಗದಿದ್ದಾಗ ಸರಿಪಡಿಸುವ ಬೆಸುಗೆಗಾರ್ತಿ ನಾನು.

ಕೆಲಸವೇನೂ ದೊಡ್ಡದಲ್ಲ. ಹಮ್ಮಿಣಿ ಒಂದು ಸರಪಳಿಯ, ಎಂದರೆ ನಿಮ್ಮ ಬ್ಲಾಕ್‌ಚೈನಿನ, ಮೇಲಿದ್ದು ತಾಣ ಇನ್ನೊಂದರ ಮೇಲಿದ್ದರೆ ಎರಡೂ ಮಾತಾಡುವುದಿಲ್ಲ, ಸರಪಳಿ ಬದಲಿಸಬೇಕು. ನೀವು ಕ್ಯೂಆರ್ ಎನ್ನುತ್ತಿದ್ದ ಚೌಕುಳಿ ಚಿತ್ರವನ್ನು ಸ್ಕ್ಯಾನ್ ಮಾಡಲು ತಡವಾದರೆ ಅದು ಹಳಸಿಹೋಗುತ್ತದೆ, ಹೊಸದನ್ನು ತರಿಸಬೇಕು. ತಾಣದಿಂದ ಹಮ್ಮಿಣಿಗೆ ಹೋಗಿ ಬರುವಷ್ಟರಲ್ಲಿ ಹಳೆಯ ಫೋನು ತೂಕಡಿಸಿದರೆ ಮತ್ತೆ ಮೊದಲಿನಿಂದ ಶುರು. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆಯ ಜೋಡಣೆಯನ್ನು ಕಡಿಯದೆ ಇವತ್ತಿನದನ್ನು ಮಾಡಹೊರಟರೆ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಅತ್ತೆ ಮರೆಯುತ್ತಿದ್ದದ್ದು ಇದನ್ನೇ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಆದರೆ ಒತ್ತುವ ಮೊದಲು ನಾನು ಉಸ್ಸಪ್ಪಾ ಎನ್ನುತ್ತಿದ್ದೆ, ಫೋನನ್ನು ಅವರ ಕೈಯಿಂದ ಕಸಿಯುತ್ತಿದ್ದೆ. ಹೋದ ತಿಂಗಳು ನೀರಿಗೆ ನಿಂತವರೆಲ್ಲರ ಮುಂದೆ ಹೀಗೂ ಅಂದೆ: "ಎಷ್ಟ್ ಸಲ ಹೇಳ್ಬೇಕ್ರಿ ಅತ್ತಿ? ತಲಿಗೆ ಹೋಗಂಗಿಲ್ಲೇನು?" ನಾಲ್ಕು ಜನ ನಕ್ಕರು. ಅತ್ತೆಯೂ ನಕ್ಕಂತೆ ಮಾಡಿದರು.

ಇನ್ನು ಒಡಪಿನ ಮಾತು. ಮದುವೆಯಾಗಿ ಬಂದ ಹೆಣ್ಣನ್ನು ಹೊಸ್ತಿಲಲ್ಲಿ ತಡೆದು, ಪ್ರಾಸದಲ್ಲಿ ಗಂಡನ ಹೆಸರು ಹೇಳಿಸಿ ಒಳಗೆ ಬಿಡುವ ಪದ್ಧತಿ ನಿಮ್ಮ ಕಾಲಕ್ಕೂ ಇತ್ತಲ್ಲ, ಅದೇ. ಫೋನು ಕೆಟ್ಟರೆ ಹಮ್ಮಿಣಿಯನ್ನು ಮರಳಿ ಪಡೆಯಲು ಹನ್ನೆರಡು ಗುಪ್ತ ಪದಗಳಿರುತ್ತವೆ. ಅವು ಯಾರ ಕೈಗೆ ಸಿಗುತ್ತವೋ ಹಮ್ಮಿಣಿ ಅವರದು. ಬರೆದಿಟ್ಟರೆ ಕಳ್ಳರ ಭಯ, ಬರೆಯದಿದ್ದರೆ ಮರೆವಿನ ಭಯ. ಹಾಗಾಗಿ ನಮ್ಮ ಹೆಂಗಸರು ಆ ಪದಗಳನ್ನು ಒಂದು ಒಡಪಿನಲ್ಲಿ ಹೆಣೆದರು. ಅದು ಹಿರಿಯಳಿಂದ ಮುಂದಿನವಳ ಕಿವಿಗೆ ಮಾತ್ರ ಹೋಗುತ್ತದೆ. ಅಷ್ಟು ಜಾಣತನ ಮಾಡಿದ ನಾವು ಒಂದನ್ನು ಯೋಚಿಸಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಒಡಪು ಕೇಳಿದರೆ ಹೇಳದೆ ಇರುವುದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಿಲ್ಲ.

ಮೊನ್ನೆ ಬೆಳಿಗ್ಗೆ ಮತ್ತೆ ಚಕ್ರ ತಿರುಗತೊಡಗಿತು. ಅತ್ತೆ ಫೋನು ಹಿಡಿದು ಅಡುಗೆಮನೆಗೆ ಬಂದು ನಿಂತರು. ನಾನು ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡದೆ, ಈಗ ಆಗುವುದಿಲ್ಲ ಎಂದೆ. ಅವರು ಹೊರಗೆ ಹೋಗಿ, ಜೋಡಣೆ ಆಗದಿದ್ದರೆ ಏನು ಮಾಡಬೇಕು ಎಂದು ಫೋನನ್ನೇ ಕೇಳಿದರು. ನೀರಿನ ತಾಣದಂತೆಯೇ ಕಾಣುವ ಒಂದು ಕಳ್ಳ ತಾಣ ತೆರೆದುಕೊಂಡಿತು. ಅದರಲ್ಲೊಂದು ಹೆಣ್ಣುದನಿ ಅವರನ್ನು ಅತ್ತಿಗೆಯನ್ನು ಕರೆಯುವಂತೆ ವೈನಿ ಎಂದು ಕರೆಯಿತು, ಊಟವಾಯಿತೇ ಎಂದು ವಿಚಾರಿಸಿತು, ಅವರು ತಡವರಿಸಿದಾಗಲೆಲ್ಲ ಸಾವಕಾಶ ಹೇಳಿರೆಂದಿತು. ಕೊನೆಗೆ ನಾದಿನಿಯ ಹಾಗೆ ಚೇಷ್ಟೆ ಮಾಡುತ್ತಾ, ಹಮ್ಮಿಣಿಯ ಒಡಪು ಹೇಳದಿದ್ದರೆ ಬಾಗಿಲು ತೆಗೆಯುವುದಿಲ್ಲ ಎಂದಿತು. ಅತ್ತೆ ನಾಚಿಕೊಂಡೇ ಹೇಳಿದರು. ನಾನು ರೊಟ್ಟಿ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬೇಸಿಗೆಗೆಂದು ಕೂಡಿಟ್ಟ ಹನಿಯೆಲ್ಲ ಹೋಗಿತ್ತು.

ಹೋದದ್ದನ್ನು ಮರಳಿ ತರುವ ದಾರಿ ನಿಮ್ಮ ಕಾಲದಲ್ಲೂ ಇರಲಿಲ್ಲ, ನಮ್ಮಲ್ಲೂ ಇಲ್ಲ. ಈಗ ಪಕ್ಕದ ಓಣಿಯವರು ಮನೆಗೊಂದು ಕೊಡ ನೀರು ಕೊಡುತ್ತಿದ್ದಾರೆ, ಕೊಡುವಾಗ ನಮ್ಮ ಮುಖ ನೋಡುತ್ತಾರೆ. ನಿನ್ನೆ ಹಂದರದ ಕೆಳಗೆ ಓಣಿ ಸೇರಿತ್ತು. ಗುರುಸಿದ್ದವ್ವ ಇನ್ನು ಹಮ್ಮಿಣಿ ಹಿಡಿಯಬಾರದು, ಮದುವೆಗಳಲ್ಲಿ ಹೊಸ್ತಿಲ ಬಳಿ ನಿಂತು ಸೊಸೆಯಂದಿರಿಗೆ ಒಡಪು ಹೇಳಿಸುವ ಮರ್ಯಾದೆಯೂ ಅವರಿಗೆ ಬೇಡ ಎಂದು ತೀರ್ಮಾನವಾಯಿತು. ಮನೆಯಲ್ಲೇ ಬೆಸುಗೆಗಾರ್ತಿ ಇರುವಾಗ ಅವಳನ್ನು ಯಾಕೆ ಕೇಳಲಿಲ್ಲ ಎಂದು ಯಾರೋ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಆಕಿಗೆ ಹೇಳದನ ಮಾಡೀನ್ರಿ. ನನ್ನ ಸೊಸೀದು ಏನೂ ತಪ್ಪಿಲ್ಲ."

ನಾನು ಅಲ್ಲೇ ಇದ್ದೆ. ಖಾಲಿ ಕೊಡ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ, ನೋಡಿದವರು ಅತ್ತೆಯ ತಪ್ಪಿಗೆ ಸೊಸೆ ನಾಚಿದ್ದಾಳೆ ಎಂದುಕೊಂಡಿರಬೇಕು. ಮನೆಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದಿರೆಂದು ಕೇಳಿದೆ. ಅವರು ನನ್ನ ಕೈಯ ಕೊಡ ಇಸಿದುಕೊಂಡು ಮೂಲೆಗಿಟ್ಟರು. ಆಮೇಲೆ ಅಂದರು: "ಆ ದನಿ ಒಮ್ಮೆರೆ ಸಿಡುಕಲಿಲ್ಲವ್ವಾ ತಂಗಿ. ಅದಕ್ಕ ನಂಬಿದೆ."

ನಿಮ್ಮಲ್ಲಿ ಒಂದು ಬೇಡಿಕೆ. ಜೋಡಣೆ ಆಗದಿದ್ದಾಗ ಏನು ಮಾಡಬೇಕೆಂದು ನೀವು ಬರೆದ ಸಹಾಯದ ಪುಟಗಳು ನಮಗೆ ಇಂದಿಗೂ ಸಿಗುತ್ತವೆ, ನಾನು ಕೆಲಸ ಕಲಿತದ್ದೇ ಅವುಗಳಿಂದ. ಗುಪ್ತ ಪದ ಕೇಳುವವನು ಕಳ್ಳ ಎಂದು ಅಲ್ಲಿ ಸರಿಯಾಗಿಯೇ ಬರೆದಿದ್ದೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಹತ್ತನೆಯ ಸಲ ಕೇಳಲು ಬಂದವರಿಗೂ ಮೊದಲನೆಯ ಸಲದ ಹಾಗೆಯೇ ಹೇಳಿಕೊಡಿ, ನೀವು ಗದರಿದರೆ ಅವರು ಗದರದ ಕಳ್ಳನ ಹತ್ತಿರ ಹೋಗುತ್ತಾರೆ.

ಇದನ್ನು ಓಣಿಯ ಮುಂದೆ ಹೇಳಬೇಕಿತ್ತು, ನಿಮ್ಮ ಮುಂದೆ ಹೇಳುತ್ತಿದ್ದೇನೆ. ನೀವು ಸತ್ತು ಎಷ್ಟೋ ಕಾಲವಾಗಿದೆ, ನನ್ನನ್ನು ತಿರುಗಿ ಬಯ್ಯಲಾರಿರಿ. ಅದಕ್ಕೇ ಇಷ್ಟು ಧೈರ್ಯ. ಈ ಸಾಲು ಬರೆಯುವಾಗ ಅತ್ತೆ ತಮ್ಮ ಫೋನು ಹಿಡಿದು ಬಾಗಿಲಿಗೆ ಬಂದರು. ಏನೋ ಕೇಳುವುದಿತ್ತು. ನಾನು ಕೆಲಸದಲ್ಲಿರುವುದನ್ನು ಕಂಡು, ಏನಿಲ್ಲ ಎಂದು ತಿರುಗಿ ಹೋಗುತ್ತಿದ್ದಾರೆ. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ಮೊದಲು ಅವರನ್ನು ಕರೆಯಬೇಕು, ಆಮೇಲೆ ಓಣಿಯನ್ನು.