ಯಾವ ಕಡೆ ಓಡಬೇಕು, ಹೇಳಿ

ಗಾಮಾ ಕಿರಣ ಸ್ಫೋಟ ವೀಕ್ಷಣಾ ಕೇಂದ್ರದ ಮುಖ್ಯಸ್ಥರೇ,

ಊರಿಗಾಂ ಶಾಲೆಯ ಸಭೆಯಲ್ಲಿ ನೀವು ಒಪ್ಪಿದ್ದು ಇದು: ಹಳೆಯ ಚಿನ್ನದ ಗಣಿ ಕಾರ್ಮಿಕರ ನಮ್ಮ ಲೈನ್ ಮನೆಗಳ ಸುತ್ತ ಮೂರು ಕಡೆ ಕಂಪನ ಅಳೆಯುವ ಯಂತ್ರ ಇಡುತ್ತೇವೆ, ನೆಲ ಅದುರಿದರೆ ಎಲ್ಲಿ ಅದುರಿತೆಂದು ಒಂದು ಗಂಟೆಯೊಳಗೆ ತಿಳಿಸುತ್ತೇವೆ. ಇಟ್ಟಿದ್ದು ಒಂದೇ ಯಂತ್ರ, ಅದೂ ಉಪಗ್ರಹದ ಸಂಕೇತ ಹಿಡಿಯುವ ನಿಮ್ಮ ತಟ್ಟೆ ಆಂಟೆನಾದ ಬುಡದಲ್ಲಿ. ಅದರ ದಾಖಲೆ ಕೇಳಿದರೆ, "ನೆಲದ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದು ಸಾಲಿನ ಉತ್ತರ.

ನಿಜ, ನಿಮ್ಮ ವ್ಯಾಪ್ತಿ ದೊಡ್ಡದು. ನೂರಾರು ಕೋಟಿ ಜ್ಯೋತಿರ್ವರ್ಷಗಳಾಚೆ ಒಂದು ನಕ್ಷತ್ರ ಕುಸಿದು ಗಾಮಾ ಕಿರಣ ಚಿಮ್ಮಿದರೂ ನಿಮಗೆ ಗೊತ್ತಾಗುತ್ತದೆ. ಆ ಕಿರಣವನ್ನು ವಾತಾವರಣ ನೆಲಕ್ಕೆ ಬಿಡುವುದಿಲ್ಲ, ಅದಕ್ಕೇ ದೂರದರ್ಶಕಗಳನ್ನು ಬಾಹ್ಯಾಕಾಶದಲ್ಲಿ ಇಟ್ಟಿದ್ದೀರಿ. ನಿಮ್ಮದರಂಥ ಪುಟ್ಟ ಉಪಗ್ರಹ ಒಂದೇ ಇದ್ದರೆ ಸಿಡಿಯಿತು ಎಂದಷ್ಟೇ ತಿಳಿಯುತ್ತದೆ. ಎರಡಿದ್ದರೆ, ಕಿರಣ ಯಾವುದಕ್ಕೆ ಮೊದಲು ತಾಕಿತು ಎಂಬುದರಿಂದ ಆಕಾಶದಲ್ಲೊಂದು ಬಳೆ ಬರೆಯಬಹುದು. ಮೂರನೆಯದು ಸೇರಿದರೆ ಬಳೆಗಳು ಒಂದನ್ನೊಂದು ಕತ್ತರಿಸಿ ಜಾಗ ಹಿಡಿದುಕೊಡುತ್ತವೆ. ಆ ಸಭೆಯಲ್ಲಿ ಶಾಲೆಯ ಕಪ್ಪುಹಲಗೆಯ ಮೇಲೆ ಬಳೆ ಬರೆದು ಇದನ್ನು ಕಲಿಸಿದವರು ನೀವೇ. "ನೆಲಕ್ಕೂ ಇಂಥದೇ ಲೆಕ್ಕವಾ ಸಾರ್?" ಎಂದು ನಾನು ಕೇಳಿದೆ. "ಹೆಚ್ಚುಕಡಿಮೆ ಇದೇ, ಅಮ್ಮ" ಎಂದಿರಿ.

ಕಳೆದ ಗುರುವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಮಗಳು ಅಂಬಿಕಳಿಗೆ ಜಡೆ ಹಾಕುತ್ತಿದ್ದೆ. ನೆಲದೊಳಗೆ ಧಡ್ ಎಂದಿತು. ಗೋಡೆಯ ಬಿರುಕಿನಿಂದ ಗಾರೆ ಉದುರಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ನೆಲ ಗುಡುಗಿದರೆ ಹೆಂಗಸರು ಗಣಿಬಾಯಿಗೆ ಓಡುತ್ತಿದ್ದರು, ಕೆಳಗಿಳಿದವನು ಮೇಲೆ ಬಂದನೇ ಎಂದು ನೋಡಲು. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಆದರೂ ನನ್ನ ಅತ್ತೆ ಮುನಿರತ್ನಮ್ಮ ಅಲ್ಲಿಗೇ ಓಡಿದರು. ಅವರ ಹಿಂದೆ ಇಡೀ ಲೈನು ಓಡಿತು. ಅಂಬಿಕಳ ಅರ್ಧ ಜಡೆ ಹಿಡಿದುಕೊಂಡು ನಾನೂ ಓಡಿದೆ.

"ಯಾವ ಶಿಫ್ಟು ಕೆಳಗೈತೆ, ಸೆಲ್ವಿ?" ಅತ್ತೆ ಬೇಲಿ ಹಿಡಿದು ಕೂಗಿದರು.

"ಶಿಫ್ಟು ಎಲ್ಲೈತೆ ಅಜ್ಜಿ! ನಿನ್ ಗಂಡ ಓಗಿ ಫೋಟೋದಾಗೆ ಕುಂತವ್ನೆ. ಬಾ ಈ ಕಡೆ!" ಪಕ್ಕದ ಮನೆಯ ಸೆಲ್ವಿ ಅವರ ಸೆರಗು ಹಿಡಿದೆಳೆದಳು.

"ಈ ಕಡೆ ಅಂದ್ರೆ ಯಾವ ಕಡೆಯೇ?"

ಸೆಲ್ವಿ ಒಮ್ಮೆ ಶಾಲೆಯ ಕಡೆ, ಒಮ್ಮೆ ಲೈನಿನ ಕಡೆ ಕೈ ತೋರಿಸಿದಳು. ಪೊಳ್ಳು ನೆಲದ ಮೇಲೆ, ಮುಚ್ಚಿದ ಗಣಿಯ ನೆತ್ತಿಯ ಮೇಲೆ, ಮಕ್ಕಳನ್ನು ಕಟ್ಟಿಕೊಂಡು ನಾವಾಗಿಯೇ ಬಂದು ನಿಂತಿದ್ದೆವು.

ಮರುದಿನ ನೀವು ಆಂಟೆನಾ ಬಿಚ್ಚಿ ಲಾರಿಯಲ್ಲಿ ಬಂಗಾರಪೇಟೆಗೆ ಸಾಗಿಸಿದಿರಿ. ಗೇಟಿನ ಮೇಲೆ ಚೀಟಿ: "ಉಪಕರಣಗಳ ಸುರಕ್ಷತೆಗಾಗಿ." ಮಾನ್ಯರೇ, ನಿಮ್ಮ ಆ ಒಂದು ಯಂತ್ರ ನಿಮಗೇನು ಹೇಳಿತು? ಲೋಹದ ತಟ್ಟೆ ನಿಲ್ಲಬಾರದ ನೆಲದಲ್ಲಿ ಮಕ್ಕಳು ಮಲಗಬಹುದೇ? ಅಂಬಿಕ ಈಗ ಚಪ್ಪಲಿ ಹಾಕಿಕೊಂಡೇ ಊಟಕ್ಕೆ ಕೂರುತ್ತಾಳೆ. ಬೈಯಲು ನನಗೆ ಬಾಯಿ ಬರುತ್ತಿಲ್ಲ. ನನ್ನ ಚಪ್ಪಲಿಯೂ ಬಾಗಿಲ ಒಳಗೇ ಇದೆ.

ಗುರುವಾರದ ದಾಖಲೆ ಕೊಡಿ. ಉಳಿದ ಎರಡು ಯಂತ್ರ ಇಡಿ. ಸತ್ತ ನಕ್ಷತ್ರದ ಕಡೆಗೆ ಲೋಕದ ದೂರದರ್ಶಕಗಳನ್ನೆಲ್ಲ ನಿಮಿಷಗಳಲ್ಲಿ ತಿರುಗಿಸುವವರು ನೀವು. ಬದುಕಿರುವ ನಮ್ಮ ಮಕ್ಕಳನ್ನು ಯಾವ ಕಡೆ ತಿರುಗಿಸಬೇಕು, ಅದನ್ನು ಹೇಳಿ.

ಕಪ್ಪುಹಲಗೆಯ ಮೇಲಿನ ನಿಮ್ಮ ಬಳೆಗಳನ್ನು ನಾವು ಅಳಿಸಿಲ್ಲ. ಅದೇ ಕೋಣೆಯಲ್ಲಿ ಕಾಯುತ್ತೇವೆ: ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
ಇನ್ನೂ ಗಣಿಯ ಕಡೆಗೇ ಓಡುವ
ಸುಕನ್ಯ, ಊರಿಗಾಂ