ಒಂದು ರಾತ್ರಿಗೆ ಮೂವತ್ಮೂರು ಸಾವಿರ

9 ಜನವರಿ 2018, ಮಂಗಳವಾರ. ಸಂಜೆ 6

ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ನಲವತ್ತು ನಿಮಿಷ ಲೈನು. ಮಷಿನ್ ಕರ್ರ್ ಎಂದು ಎರಡೇ ಎರಡು ಸಾಲು ಕಾರಿತು. ಜುಲೈ, 236 ಕಡಿತ. ಆಗಸ್ಟ್, 76 ಕಡಿತ. ಬ್ಯಾಲೆನ್ಸ್ 0.00. ಒಂದು ಸೊನ್ನೆ ಸಾಲದು ಎಂದು ಚುಕ್ಕೆ ಇಟ್ಟು ಮತ್ತೆರಡು!

ಮುನ್ನೂರ ಹನ್ನೆರಡು ರೂಪಾಯಿ ಇತ್ತು. ಹಳೇ ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ್ದು. ಯಾಕೆ ಕತ್ತರಿಸಿದಿರಿ ಎಂದು ಕೌಂಟರಿನ ಮೇಡಂಗೆ ಕೇಳಿದೆ. ತಲೆ ಎತ್ತದೆಯೇ ಮರಾಠಿಯಲ್ಲಿ ಅಂದಳು, "ಅಠರಾ ಪೂರ್ಣ ಝಾಲೀ ನಾ ತುಲಾ? ಮಿನಿಮಮ್ ಬ್ಯಾಲೆನ್ಸ್ ಠೇವಾಯಚಾ."

ಅಂದರೆ ಹದಿನೆಂಟು ತುಂಬಿದ್ದೇ ತಪ್ಪು. ಮೈನರ್ ಇದ್ದಾಗ ಝೀರೋ ನಡೆಯುತ್ತಿತ್ತು. ಜೂನ್‌ನಲ್ಲಿ ನಾನು ಮೇಜರ್ ಆದೆ, ಅಕೌಂಟೂ ಮೇಜರ್ ಆಯಿತು. ಇನ್ನು ತಿಂಗಳ ಸರಾಸರಿ ಸಾವಿರ ಇರಬೇಕು. ಇಲ್ಲದಿದ್ದರೆ ತಿಂಗಳಿಗೆ ಇನ್ನೂರು ದಂಡ, ಮೇಲೆ ಜಿಎಸ್‌ಟಿ ಮೂವತ್ತಾರು. ಸಾವಿರ ಇಲ್ಲದವಳ ಹತ್ತಿರ ಇನ್ನೂರು ಕಿತ್ತುಕೊಳ್ಳುವುದು ಯಾವ ಊರಿನ ನ್ಯಾಯ?

ಮೆಸೇಜ್ ಕಳಿಸಿದ್ದೇವೆ ಅಂದಳು. ಅಪ್ಪನ ಹಳೇ ನಂಬರಿಗೆ. ಆ ಮೊಬೈಲು ಎರಡು ವರ್ಷದ ಹಿಂದೆ ಕಾಂಕ್ರೀಟ್ ಮಿಕ್ಸರಿನಲ್ಲಿ ಬಿದ್ದು, ಅಂಬಡ್‌ನ ಯಾವುದೋ ಕಂಪನಿಯ ಕಂಬದೊಳಗೆ ಸೇರಿಹೋಗಿದೆ. ಕಳಿಸಿಕೊಳ್ಳಲಿ.

ಮಾರ್ಚ್‌ನಲ್ಲಿ ಹನ್ನೆರಡನೇ ಕ್ಲಾಸಿನ ಸ್ಕಾಲರ್‌ಶಿಪ್ ಬರಬೇಕು. ಅದನ್ನೂ ತಿನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಸಿಟ್ಟೆಲ್ಲ ಕನ್ನಡದಲ್ಲೇ ಬರೆಯುವುದು ಒಳ್ಳೆಯದು. ಕಾಲೇಜಿನವರಿಗೆ ಕನ್ನಡ ಬರದು, ಊರು ಬಿಟ್ಟು ಇಲ್ಲಿಗೆ ಗಾರೆ ಕೆಲಸಕ್ಕೆ ಬಂದ ನಮ್ಮ ಗ್ಯಾಂಗಿನವರಿಗೆ ಓದು ಬರದು.

12 ಜನವರಿ, ಶುಕ್ರವಾರ

ಬ್ಯಾಂಕಿನ ನೋಟೀಸ್ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಬಿಟ್ಟು ಬೇರೆ ಯಾರೂ ಓದಿರಲಿಕ್ಕಿಲ್ಲ. ಸರಾಸರಿ ಅಂದರೆ ಪ್ರತಿದಿನ ಸಂಜೆಯ ಬ್ಯಾಲೆನ್ಸ್ ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುವುದು. ಹಾಗಾದರೆ... ದಿನಾ ಸಾವಿರ ಇರಬೇಕಿಲ್ಲ! ಒಂದೇ ಒಂದು ಸಂಜೆ ಮೂವತ್ತೊಂದು ಸಾವಿರ ಇದ್ದರೂ ಸಾಕು. ಮೂವತ್ತೊಂದರಿಂದ ಭಾಗಿಸಿದರೆ ಸಾವಿರ.

ಅಷ್ಟು ದುಡ್ಡು ಎಲ್ಲಿದೆ? ಮಹಿಬೂಬ ಕಾಕಾನ ಹತ್ತಿರ ಇದೆ. ಅವನು ಗ್ಯಾಂಗಿನ ಮುಕಾದಮ. ಅಪ್ಪನೂ ಸೇರಿ ಆರು ಜನರ ಹದಿನಾಲ್ಕು ದಿನದ ಪಗಾರ ಬಿಲ್ಡರ್ ಅವನ ಕೈಗೆ ನಗದು ಕೊಡುತ್ತಾನೆ. ದಿನಕ್ಕೆ ನಾನೂರರಂತೆ 33,600. ಶುಕ್ರವಾರ ಬರುತ್ತದೆ, ಭಾನುವಾರ ಹಂಚುತ್ತಾನೆ. ನಡುವೆ ನಾವಿರುವ ತಗಡಿನ ಪತ್ರಾ ಶೆಡ್ಡಿನಲ್ಲಿ ಸಿಮೆಂಟ್ ಚೀಲದ ಕೆಳಗೆ ಸುಮ್ಮನೆ ಬಿದ್ದಿರುತ್ತದೆ. ಒಂದು ದಿನ ನನ್ನ ಅಕೌಂಟಿನಲ್ಲಿ ಬಿದ್ದಿದ್ದರೆ ಯಾರ ಗಂಟೇನು ಹೋಗುತ್ತದೆ?

14 ಜನವರಿ, ಸಂಕ್ರಾಂತಿ

ಎಳ್ಳು ಹಂಚುವಾಗ ಮಾತು ತೆಗೆದೆ. "ಕಾಕಾ, ಬಾಜೂ ಸೈಟಿನ್ಯಾಗ ಕಳವು ಆತಲ್ರೀ. ನಮ್ಮ ಪಗಾರ ಒಂದಿನಾ ಬ್ಯಾಂಕಿನ್ಯಾಗ ಇಟ್ಟರ ಹೆಂಗ?"

"ಅಲ್ಲಿ ಕಳ್ಳರು ಬರಂಗಿಲ್ಲೇನು ಬೇಟಿ?"

"ಬಾಗಲದಾಗ ಬಂದೂಕ ಹಿಡದಂವ ನಿಂತಿರತಾನ್ರಿ."

ಎಲ್ಲರೂ ನಕ್ಕರು, ಒಪ್ಪಿದರು. ಅಪ್ಪನ ಎದೆ ಒಂದು ಗೇಣು ಉಬ್ಬಿತು. ಸರಾಸರಿಯ ಮಾತು ಎತ್ತಲಿಲ್ಲ. ಎತ್ತಿದರೆ ಹತ್ತು ಪ್ರಶ್ನೆ. ಕಳವಾದದ್ದೇನೂ ಸುಳ್ಳಲ್ಲವಲ್ಲ. ಅವರೂ ಕೇಳಲಿಲ್ಲ.

19 ಜನವರಿ, ಶುಕ್ರವಾರ

ಕಟ್ಟಿದೆ. 33,600. ಸ್ಲಿಪ್ಪಿಗೆ ಸಿಕ್ಕಾ ಬಿತ್ತು. ಭಾಗಿಸಿ ನೋಡಿದೆ, ಸಾವಿರದ ಎಂಬತ್ತಮೂರು. ನಾಳೆ ಬೆಳಿಗ್ಗೆ ತೆಗೆದು ಕೊಟ್ಟರೆ ಮುಗಿಯಿತು. ಇವತ್ತು ಬ್ಯಾಂಕಿಗೆ ನಾನು ಮರ್ಯಾದಸ್ಥೆ.

20 ಜನವರಿ, ಶನಿವಾರ. ಮಧ್ಯಾಹ್ನ 1

ಪೆನ್ನು ಒತ್ತಿ ಕಾಗದ ಹರಿಯಿತು. ಸಿಟ್ಟಿಗೆ.

ಕ್ಯಾಷಿಯರ್ ಸ್ಲಿಪ್ ವಾಪಸ್ ತಳ್ಳಿದ. ಇಷ್ಟು ಇಲ್ಲ, 32,496 ಇದೆ ಅಂದ. ಸಾವಿರದ ನೂರ ನಾಲ್ಕು ಎಲ್ಲಿ ಹೋಯಿತು? ದಂಡವಂತೆ. ಜುಲೈನಿಂದ ಡಿಸೆಂಬರ್, ಆರು ತಿಂಗಳಿಗೆ 1,416. ನನ್ನ 312 ಮೊದಲೇ ನುಂಗಿದ್ದರು. ಉಳಿದದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು ಕೂತಿತ್ತು, ನಿನ್ನೆ ದುಡ್ಡು ಬಿದ್ದ ಕೂಡಲೇ ಗಬಕ್.

0.00 ಅಂತ ಬರೆದುಕೊಟ್ಟಿದ್ದರಲ್ಲ! ಬಾಕಿ ಇದ್ದರೆ ಬಾಕಿ ಅಂತ ಬರೆಯಬೇಕು. ಕಿರಾಣಿ ಅಂಗಡಿಯ ಕಮಲಾಬಾಯಿ ಎರಡು ರೂಪಾಯಿ ಉದ್ರಿಯನ್ನೂ ನಮ್ಮ ಕಣ್ಣೆದುರೇ ಬರೆಯುತ್ತಾಳೆ.

ಕಾಕಾ ಪಕ್ಕದಲ್ಲೇ ನಿಂತಿದ್ದ. "ಇನ್ನೊಮ್ಮೆ ಎಣಸು ಬೇಟಿ" ಅಂದ. ಎಣಿಸಿದೆ. ಅಷ್ಟೇ ಇತ್ತು.

ಇಷ್ಟಾದರೂ ಹೊರಗೆ ಬರುವಾಗ ತಲೆಯೊಳಗೆ ಭಾಗಾಕಾರ ನಡೆದೇ ಇತ್ತು. ಸಾವಿರದ ನಲವತ್ತೆಂಟು. ಜನವರಿಗೆ ದಂಡ ಇಲ್ಲ. ಥೂ ನನ್ನ ಬುದ್ಧಿಗೆ.

21 ಜನವರಿ, ಭಾನುವಾರ

ಹಂಚಿದರು. ತಲೆಗೆ 184 ಕಡಿಮೆ. ಅಪ್ಪ "ಎಲ್ಲಾ ನನ್ನ ಪಗಾರದಾಗ ಮುರೀರಿ" ಅಂದ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗ್ಯಾಂಗಿನ ಗುಂಡವ್ವ ಬಿಡಲಿಲ್ಲ. ಐವತ್ತು ದಾಟಿದ ವಿಧವೆ, ತಲೆಯ ಮೇಲೆ ಹನ್ನೆರಡು ಇಟ್ಟಿಗೆ ಹೊತ್ತು ಏಣಿ ಹತ್ತುತ್ತಾಳೆ. "ರೇವಪ್ಪ ಯಾಕ ಕೊಡಬೇಕ? ತಗೊಂಡ ಬ್ಯಾಂಕಿನಂವ ಕೊಡಲಿ" ಅಂದಳು.

ಗುರುವಾರ ಸಂಜೆ ಗ್ಯಾಂಗ್ ಔರಂಗಾಬಾದಿಗೆ ಹೊರಡುತ್ತದೆ. ಅಲ್ಲಿ ವೇರೂಳಿನ ಹತ್ತಿರ ಹೋಟೆಲ್ ಕಟ್ಟುವ ಕೆಲಸ. ನಾನು ಪರೀಕ್ಷೆ ಮುಗಿಯುವವರೆಗೆ ಕಮಲಾಬಾಯಿಯ ಖೋಲಿಯಲ್ಲಿ. ಶುಕ್ರವಾರದಿಂದ ಮೂರು ದಿನ ಬ್ಯಾಂಕ್ ರಜಾ. ಗುರುವಾರದೊಳಗೆ ದುಡ್ಡು ವಾಪಸ್ ಬರಲೇಬೇಕು. ಇಲ್ಲದಿದ್ದರೆ ರೇವಪ್ಪನ ಮಗಳು ಗ್ಯಾಂಗಿನ ಪಗಾರ ತಿಂದಳು ಎಂಬ ಮಾತು ಹೊತ್ತುಕೊಂಡು ಅಪ್ಪ ಅಲ್ಲಿ ಗೋಡೆ ಕಟ್ಟಬೇಕು.

22 ಜನವರಿ, ಸೋಮವಾರ

ಮ್ಯಾನೇಜರ್ ಎದುರು ಅರ್ಜಿ ಇಟ್ಟೆ. ಗೆಳತಿ ವಂದನಾಳ ಮೊಬೈಲಿನಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಹುಡುಕಿ ಬರೆದುಕೊಂಡು ಹೋಗಿದ್ದೆ. ಈ ದಂಡದಿಂದ ಅಕೌಂಟ್ ಸೊನ್ನೆಗಿಂತ ಕೆಳಗೆ ಹೋಗಬಾರದು.

"ನೆಗೆಟಿವ್ ಕಹಾಂ ಗಯಾ? ಝೀರೋ ಹೀ ತೋ ಥಾ" ಅಂದ.

ಮತ್ತೆ ಆ ಸಾವಿರದ ನೂರ ನಾಲ್ಕು ಎಲ್ಲಿ ಬರೆದುಕೊಂಡಿದ್ದಿರಿ, ಗೋಡೆಯ ಮೇಲಾ? ಕೇಳಬೇಕಿತ್ತು. ಹೊರಗೆ ಬಂದ ಮೇಲೆ ಹೊಳೆಯಿತು.

ಇನ್ನೊಂದು ಹೇಳಿದ. ಸ್ಟೂಡೆಂಟ್ ಅಂತ ಒಂದು ಫಾರ್ಮ್ ತುಂಬಿದ್ದರೆ ಝೀರೋ ಬ್ಯಾಲೆನ್ಸ್ ಮುಂದುವರಿಯುತ್ತಿತ್ತಂತೆ. ಒಂದು ಫಾರ್ಮ್! ಯಾರೂ ಹೇಳಲಿಲ್ಲ ಸರ್ ಅಂದೆ. ನೀನು ಕೇಳಲಿಲ್ಲ ಅಂದ. ಇದೊಂದು ಉತ್ತರವಾ? ಬುಧವಾರ ಬಾ ಅಂದಿದ್ದಾನೆ.

24 ಜನವರಿ, ಬುಧವಾರ. ಸಂಜೆ 7

ಗುಂಡವ್ವ ಜೊತೆಗೆ ಬಂದಳು. ನೂರ ಎಂಬತ್ನಾಲ್ಕು ಕೇಳಲು ನಾನೂರರ ಹಾಜರಿ ಬಿಟ್ಟು. ಬೇಡ ಅಂದರೆ "ಲೆಕ್ಕಾ ನನಗೂ ಬರತೈತಿ, ಸುಮ್ಮ ನಡಿ" ಅಂದಳು.

ಮ್ಯಾನೇಜರ್ ಬ್ಯುಸಿ. ಕ್ಯಾಬಿನ್ ಬಾಗಿಲಲ್ಲಿ ನೆಲದ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದಳು. ಗಾರ್ಡ್ ಎಬ್ಬಿಸಲು ಬಂದ. ಅವನಿಗೂ ಅರ್ಧ ರೊಟ್ಟಿ ಚಾಚಿದಳು. ಅವನು ರೊಟ್ಟಿ ಹಿಡಿದು ಪಕ್ಕಕ್ಕೆ ನಿಂತ. ಕೊನೆಗೆ ಮ್ಯಾನೇಜರೇ ಎದ್ದು ಬಂದ.

"ಸಾಹೇಬ್ರ, ಇದು ಈ ಹುಡುಗಿ ರೊಕ್ಕ ಅಲ್ರಿ, ನಂದು. ಯಾರದಂತ ಗೊತ್ತಿಲ್ಲದ ತಗೊಂಡ್ರಿ, ಆತು. ಈಗ ಗೊತ್ತಾತಲ್ಲ? ನನ್ನ ಕೇಳದ ನನ್ನ ರೊಕ್ಕ ನಿಮ್ಮ ಕೆಲಸಕ್ಕ ಬಳಸಿಕೊಂಡ್ರ, ನಿಮ್ಮ ಭಾಷಾದಾಗ ಅದಕ್ಕ ಏನಂತಾರ?"

ಹಿಂದಿಯಲ್ಲಿ ಹೇಳಬೇಕಾದವಳು ನಾನು. ಕೊನೆಯ ಪ್ರಶ್ನೆಗೆ ಬಂದಾಗ ನಾಲಿಗೆ ಏಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ. "ಹೇಳವಾ, ಪೂರಾ ಹೇಳು" ಎಂದು ಮೊಣಕೈಯಿಂದ ತಿವಿದಳು. ಹೇಳಿದೆ. ಮ್ಯಾನೇಜರ್ ನನ್ನನ್ನು ನೋಡಿದ, ಅವಳನ್ನು ನೋಡಿದ, ಒಳಗೆ ಹೋದ.

ಮೂರು ಗಂಟೆಗೆ ಸಾವಿರದ ನೂರ ನಾಲ್ಕು ವಾಪಸ್ ಬಿತ್ತು. ಪೂರ್ತಿ. ಫಾರ್ಮೂ ತುಂಬಿಸಿಕೊಂಡರು. ಶೆಡ್ಡಿನಲ್ಲಿ ಆರೂ ಜನರ ಕೈಗೆ 184 ಇಟ್ಟೆ. ಅಪ್ಪ ನಾಲ್ಕು ದಿನದ ಮೇಲೆ ನನ್ನ ಮುಖ ನೋಡಿ ನಕ್ಕ. ಕಾಕಾ ಅಂದ, "ವೇರೂಳಿಗೆ ಹೋದ ಮ್ಯಾಲೂ ಪಗಾರ ನಿನ್ನ ಅಕೌಂಟಿಗೇ ಬರಲಿ ಬೇಟಿ. ನೀ ಇದ್ದರ ಅಂಜಿಕಿ ಇಲ್ಲ."

ಚಹಾ ಅರ್ಧಕ್ಕೇ ಬಿಟ್ಟು ಲೋಟ ತೊಳೆಯಲು ಎದ್ದೆ.

25 ಜನವರಿ, ಗುರುವಾರ. ಸಂಜೆ 5

ಟ್ರಕ್ ಬಂದಿದೆ. ಪತ್ರಾ, ಬುಟ್ಟಿ, ಒಲೆ ಏರಿಸುತ್ತಿದ್ದಾರೆ.

ಈ ನೋಟ್‌ಬುಕ್ ತಿರುವಿ ನೋಡಿದೆ. ಪುಟಗಟ್ಟಲೆ ಬ್ಯಾಂಕಿಗೆ ಬೈಗುಳ. ಹೇಳಲಿಲ್ಲ, ಕೇಳಲಿಲ್ಲ, ಗೊತ್ತಿಲ್ಲದಂತೆ ತಗೊಂಡರು... ಸರಿ. ಸಂಕ್ರಾಂತಿಯ ದಿನ ನಾನೇನು ಬರೆದಿದ್ದೇನೆ? "ಅವರೂ ಕೇಳಲಿಲ್ಲ." ಮ್ಯಾನೇಜರನ ಮಾತೇ. ಅಕ್ಷರ ಮಾತ್ರ ನನ್ನದು.

ಹೇಳದಿದ್ದರೂ ನಡೆಯುತ್ತದೆ. ದುಡ್ಡು ಅವರವರ ಕೈ ಸೇರಿದೆ, ಅಪ್ಪ ತಲೆ ಎತ್ತಿದ್ದಾನೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತಿದೆ, ಈ ಸಲ ನನ್ನ ಮೇಲೆ. ಬ್ಯಾಂಕಿನವನಿಗಾದರೂ ಗುಂಡವ್ವ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಗುಂಡವ್ವ ಕೂಗುತ್ತಿದ್ದಾಳೆ. "ಏ ಜಗದೇವಿ, ಏನ ಬರಕೋತ ಕುಂತಿ? ಗಾಡಿ ಹೊಂಟತಿ, ಬಾ ಇಲ್ಲೆ!"

ಹೋಗುತ್ತೇನೆ. ಎಲ್ಲರ ಎದುರು, ಅಪ್ಪನ ಎದುರೂ. ಮೊದಲ ಮಾತು ಬರೆದಿಟ್ಟುಕೊಂಡರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಗುಂಡವ್ವಾ, ಆ ರೊಕ್ಕ ನಾ ಬ್ಯಾಂಕಿನ್ಯಾಗ ಇಟ್ಟಿದ್ದು ಕಳ್ಳರ ಅಂಜಿಕಿಗಲ್ಲ, ನನ್ನ—